ಅಮ್ಮನ ಸೀರೆಗಳ ಕೌದಿ ಉಡುಗೊರೆಯಾಗಿ ಬಂದಿದೆ. ಈ ಮಳೆಯಲ್ಲಿ ಹೇಗೆ ಜೋಪಾನ ಮಾಡಲಿ?

ಸುಂಟಿಕೊಪ್ಪ ಟೀಚರ್

ಎಲ್ಲರಿಗೂ ನಮಸ್ಕಾರ. ಒಂದು ಸಂತೋಷದ ವಿಷಯ ಹೇಳಬೇಕು. ಜೊತೆಗೆ ಎರಡು ಪ್ರಶ್ನೆಯೂ ಇದೆ.

ನಮ್ಮ ಶಾಲೆಯಲ್ಲಿ ಗದಗ ಕಡೆಯ ಟೀಚರ್ ಒಬ್ಬರಿದ್ದಾರೆ. ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದಾರೆ. ಹೋದ ವರ್ಷ ನಮ್ಮ ಅಮ್ಮ ತೀರಿಕೊಂಡರು. ರೇಷ್ಮೆ ಸೀರೆಗಳನ್ನು ಅಕ್ಕತಂಗಿಯರು ಹಂಚಿಕೊಂಡೆವು. ದಿನಾ ಉಡುತ್ತಿದ್ದ ಹತ್ತಿ ಸೀರೆ, ವಾಯಿಲ್ ಸೀರೆ ಯಾರೂ ತೆಗೆದುಕೊಳ್ಳಲಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ, ಇಟ್ಟುಕೊಂಡರೆ ನೋಡಲು ಆಗುತ್ತಿರಲಿಲ್ಲ. ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಟೀಚರ್ ಬಂದು, "ಆ ಗಂಟು ನಾನು ಒಯ್ಯಲಾ ಅಕ್ಕ, ನಮ್ಮವ್ವನಿಗೆ ಬೇಕಾಗುತ್ತದೆ" ಎಂದರು. ಯಾರಾದರೂ ಉಟ್ಟುಕೊಳ್ಳಲಿ ಎಂದು ಕೊಟ್ಟೆ.

ಶಾಲೆ ಶುರುವಾಗುವ ಹೊತ್ತಿಗೆ ಅದೇ ಗಂಟು ವಾಪಸ್ ಬಂತು. ಬಿಚ್ಚಿದರೆ ಕೌದಿ, ಹಳೆಯ ಬಟ್ಟೆ ಪದರ ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ! ನಡುವೆ ಅಮ್ಮ ಹಬ್ಬದ ದಿನ ಬೆಳಿಗ್ಗೆ ಉಡುತ್ತಿದ್ದ ಹಳದಿ ಸೀರೆಯ ಚೌಕ. ಅಂಚಿಗೆ ಆಸ್ಪತ್ರೆಯಲ್ಲಿದ್ದಾಗ ಉಟ್ಟಿದ್ದ ನೀಲಿ ಸೀರೆ. ತಿರುಗಿಸಿದರೆ ಅಡಿಯಲ್ಲಿ ಪೂರ್ತಿ ಹಸಿರು ಸೀರೆ. ಬಿಳಿ ಸಣ್ಣ ಹೂವಿನದ್ದು, ತೋಟಕ್ಕೆ ಹೋಗುವಾಗ ಅಮ್ಮ ಅದನ್ನೇ ಉಡುತ್ತಿದ್ದದ್ದು. ಅಮ್ಮನಿಗೆ ಅದು ಎಷ್ಟು ಇಷ್ಟ ಅಂತ ಗದಗಿನ ಆ ತಾಯಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಎಲ್ಲಕ್ಕಿಂತ ಜಾಸ್ತಿ ಸವೆದಿದ್ದ ಸೀರೆ ಅದೇ. ಸವೆದದ್ದು ಮೆತ್ತಗಿರುತ್ತದೆ, ಅದಕ್ಕೇ ಮೈಗೆ ತಾಗುವ ಕಡೆ ಹಾಕಿದ್ದೇನೆ ಅಂದಳು ನಮ್ಮವ್ವ" ಎಂದರು ಟೀಚರ್. ನನಗೆ ಮಾತೇ ಹೊರಡಲಿಲ್ಲ. ಅವರ ಎದುರಿಗೇ ಕೂತು ಅತ್ತುಬಿಟ್ಟೆ.

ಆ ತಾಯಿಯ ಮುಖವನ್ನೇ ನಾನು ನೋಡಿಲ್ಲ. ಅವರಿಗೆ ಏನು ಹೇಳಲಿ, ಏನು ಕಳಿಸಲಿ? ಇನ್ನೊಂದು, ನಮ್ಮ ಕೊಡಗಿನಲ್ಲಿ ಈಗ ಕಕ್ಕಡದ (ಜುಲೈ, ಆಗಸ್ಟ್ ನಡುವಿನ ತಿಂಗಳ) ಮಳೆ. ಮನೆಯಲ್ಲಿ ಚಪ್ಪಲಿಯಿಂದ ಹಿಡಿದು ಬೀರುವಿನ ಬಟ್ಟೆಯವರೆಗೆ ಎಲ್ಲದಕ್ಕೂ ಬೂಷ್ಟು ಬರುತ್ತಿದೆ. ಇದನ್ನು ಹೊದೆಯಲಾ, ಕಟ್ಟಿ ಇಡಲಾ?

ಗದಗಿನ ಮಗಳು

ಟೀಚರ್ ಅಕ್ಕ, ಓದುತ್ತಾ ಓದುತ್ತಾ ನಮ್ಮವ್ವನ ಕೈ ಕಣ್ಣ ಮುಂದೆ ಬಂತು. ನಾನು ಮದುವೆಯಾಗಿ ಕುಶಾಲನಗರಕ್ಕೆ ಬಂದವಳು.

ನಮ್ಮ ಕಡೆ ಕೌದಿ ಹೊಲಿಯುವುದು ಬೇಸಿಗೆಯಲ್ಲಿ. ಸುಗ್ಗಿ ಮುಗಿದಿರುತ್ತದೆ, ಹೊಲದಲ್ಲಿ ಕೆಲಸ ಇರುವುದಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ಹಾಸಿಕೊಂಡು ಕೂರುತ್ತಾರೆ. ಓಣಿಯ ಹೆಂಗಸರು ಕೈ ಬಿಡುವಾದಾಗ ಬಂದು ಒಂದೊಂದು ಸಾಲು ಹಾಕಿಕೊಡುತ್ತಾರೆ. ಕೆಳಗೆ ಒಂದು ಅಗಲವಾದ ಸೀರೆ, ಇಲ್ಲವೇ ಧೋತರ. ಅದರ ಮೇಲೆ ಹಳೆಯ ಬಟ್ಟೆಯ ಪದರಗಳು. ಎಲ್ಲಕ್ಕಿಂತ ಮೇಲೆ ಚೆಂದದ ತುಂಡುಗಳು. ಹೊಲಿಗೆ ಏನೋ ಸಾದಾ, ಸೂಜಿ ಮೇಲೆ ಕೆಳಗೆ ಹೋಗುತ್ತಾ ಸಾಲು ಸಾಲಾಗಿ ಬರುತ್ತದೆ. ಆದರೆ ನಾಲ್ಕೈದು ಪದರ ದಾಟಿಸಿ ಸೂಜಿ ಎಳೆಯಬೇಕು. ಬೆರಳ ತುದಿ ಬಾತುಕೊಳ್ಳುತ್ತದೆ. ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ. ಒಂದು ದೊಡ್ಡ ಕೌದಿಗೆ ಬೇಸಿಗೆಯೆಲ್ಲ ಬೇಕಾಗುತ್ತದೆ. ನಿಮಗೆ ಒಂದೇ ರಜೆಯಲ್ಲಿ ಮುಗಿಸಿ ಕಳಿಸಿದ್ದಾರೆ ಎಂದರೆ ಆ ತಾಯಿ ಬೇರೆ ಕೆಲಸ ಬದಿಗಿಟ್ಟು ಕೂತಿದ್ದಾರೆ.

ನಮ್ಮವ್ವ ಕೊನೆಯ ಮೂಲೆ ಮುಚ್ಚುವ ಮುಂಚೆ ಉಗುರಿನಷ್ಟು ರೊಟ್ಟಿ, ಚೂರು ಬೆಲ್ಲ ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿಯೂ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು ಎನ್ನುತ್ತಿದ್ದಳು. ನಿಮ್ಮ ಕೌದಿಯ ಮೂಲೆಗಳನ್ನು ಮುಟ್ಟಿ ನೋಡಿ.

ಏನು ಹೇಳಲಿ ಎಂದು ಕೇಳಿದ್ದೀರಿ. ನಮ್ಮ ಕಡೆಯ ವಯಸ್ಸಾದವರಿಗೆ "ಥ್ಯಾಂಕ್ಸ್" ಅಂದರೆ ಸಂಕೋಚವಾಗುತ್ತದೆ. ಫೋನ್ ಮಾಡಿ. ಈಗ ಬರೆದಿರಲ್ಲ, ಹಾಗೇ ಹೇಳಿ. ಹಳದಿ ಸೀರೆ ಯಾವಾಗ ಉಡುತ್ತಿದ್ದರು, ನೀಲಿ ಯಾವಾಗ, ಹಸಿರು ಯಾವಾಗ. ಯಾರ ಬಟ್ಟೆ ಹೊಲಿಯುತ್ತಿದ್ದೇನೆ ಎಂದು ತಿಳಿಯದೆ ಹೊಲಿದವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಕಳಿಸುವುದಾದರೆ ಏಲಕ್ಕಿ, ಕರಿಮೆಣಸು ಕಳಿಸಿ. ಒಂದು ಕುಪ್ಪಸದ ಬಟ್ಟೆ ಇಡಿ. ಅವರು ಚಹಾ ಕುಡಿಯುವವರಾಗಿದ್ದರೆ ಕಾಫಿ ಪುಡಿ ಡಬ್ಬಿಯಲ್ಲೇ ಉಳಿಯುತ್ತದೆ. ಕಾಚಂಪುಳಿ (ಕೊಡಗಿನ ಹುಳಿ ರಸ) ಬೇಡ, ಅವರ ಅಡುಗೆ ಹುಣಸೆಹಣ್ಣಿನದ್ದು.

ಬೊಳ್ಳುಮಾಡು

ಹೊದೆಯಿರಿ ಟೀಚರ್. ಕೊಡಗಿನಲ್ಲಿ ಬಟ್ಟೆ ಕಟ್ಟಿ ಇಟ್ಟರೆ ಹಾಳು. ದಿನಾ ಕೊಡವಿ ಹೊದ್ದದ್ದು ಉಳಿಯುತ್ತದೆ.

ಕಾಫಿ ಹೂ

ಎಷ್ಟು ಚೆಂದದ ವಿಷಯ! ಆದರೆ ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ಅಮ್ಮನ ಕೊನೆಯ ಗುರುತು. ದಿನಾ ಹೊದ್ದರೆ ಐದಾರು ವರ್ಷಕ್ಕೆ ಅಂಚು ಹರಿಯುತ್ತದೆ. ನಮ್ಮ ಐನ್‌ಮನೆಯಲ್ಲಿ, ಅಂದರೆ ಹಿರಿಯರ ಮೂಲ ಮನೆಯಲ್ಲಿ, ಮುತ್ತಜ್ಜನ ಕುಪ್ಯ (ಕೊಡವರ ನಿಲುವಂಗಿ), ಚೇಲೆ (ಅದರ ಸೊಂಟಪಟ್ಟಿ) ಇವತ್ತಿಗೂ ಇದೆ. ಹಿಂದಿನವರು ಎತ್ತಿಟ್ಟಿದ್ದಕ್ಕೇ ನಾವು ನೋಡುತ್ತಿದ್ದೇವೆ. ನಿಮ್ಮ ಮೊಮ್ಮಕ್ಕಳೂ ಇದನ್ನು ನೋಡಬೇಕು ಅಲ್ವಾ?

ಬೊಳ್ಳುಮಾಡು

ಕುಪ್ಯ, ಚೇಲೆ ವರ್ಷಕ್ಕೆ ಒಂದೆರಡು ಸಲ ಹೊರಗೆ ಬರುತ್ತವೆ. ಮದುವೆಗೆ ಉಡುತ್ತೀರಿ, ಬಿಸಿಲಿಗೆ ಹಾಕುತ್ತೀರಿ, ಮತ್ತೆ ಮಡಚುತ್ತೀರಿ. ಅವೂ ಬಳಕೆಯಲ್ಲಿ ಇರುವುದಕ್ಕೇ ಉಳಿದಿವೆ. ಕೌದಿ ಐದು ಪದರದ ಹತ್ತಿ. ನೀರಿನ ಪಸೆ ಒಳಗೆ ಸೇರಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮೇಲೆ ಒಣಗಿದ ಹಾಗೆ ಇರುತ್ತದೆ, ಒಳಗೆ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಕಪ್ಪು ಚುಕ್ಕೆ ಒಮ್ಮೆ ಬಿದ್ದರೆ ಹೋಗುವುದು ಬಹಳ ಕಷ್ಟ.

ನಾನು ಬಟ್ಟೆ ಅಂಗಡಿಯಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ತಿಳಿದಷ್ಟು ಬರೆಯುತ್ತೇನೆ.

ಮಳೆಗಾಲದಲ್ಲಿ ತೊಳೆಯಲೇಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಮಡಚಬೇಡಿ. ಮೈಯ ಬೆವರು, ಉಸಿರಿನ ಪಸೆ ಅದರಲ್ಲಿ ಇರುತ್ತದೆ. ಕುರ್ಚಿಯ ಬೆನ್ನಿಗೋ ಹಗ್ಗಕ್ಕೋ ಹಾಕಿ ಗಾಳಿಯಾಡಲು ಬಿಡಿ. ಅಡುಗೆ ಮನೆಯಲ್ಲಿ ಸೌದೆ ಒಲೆ ಇದ್ದರೆ ವಾರಕ್ಕೊಮ್ಮೆ ಒಲೆಯಿಂದ ಸಾಕಷ್ಟು ದೂರದಲ್ಲಿ ಹರವಿ. ಹೊಗೆ ವಾಸನೆ ಸ್ವಲ್ಪ ಬರುತ್ತದೆ, ಆದರೆ ನುಸಿ ಹತ್ತಿರ ಬರುವುದಿಲ್ಲ.

ಪ್ಲಾಸ್ಟಿಕ್ ಕವರಿಗೆ ಮಾತ್ರ ಹಾಕಬೇಡಿ. ಒಳಗಿನ ಪಸೆಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಇಡಲೇಬೇಕಾದ ದಿನ ಹಳೆಯ ಪಂಚೆಯಲ್ಲಿ ಸುತ್ತಿಡಿ. ಗಂಜಿ ಹಾಕಲೇಬೇಡಿ. ಗಂಜಿ ಇದ್ದ ಬಟ್ಟೆಯನ್ನು ಬೆಳ್ಳಿ ಹುಳ ಹುಡುಕಿಕೊಂಡು ಬಂದು ತಿನ್ನುತ್ತದೆ. ಬೀರುವಿನ ಕೆಳಗಿನ ಅರೆ ಬೇಡ, ಗೋಡೆಗೆ ತಾಗುವ ಹಾಗೂ ಇಡಬೇಡಿ. ನಮ್ಮ ಗೋಡೆಗಳೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರುತ್ತವೆ. ಲಕ್ಕಿ ಸೊಪ್ಪು ಒಣಗಿಸಿ ಪೊಟ್ಟಣ ಕಟ್ಟಿ ಮಡಿಕೆಗಳ ನಡುವೆ ಇಡುವುದು ನಮ್ಮ ಮನೆಯ ಹಳೇ ರೂಢಿ. ನುಸಿ ಗುಳಿಗೆ ಇಟ್ಟರೆ ಹೊದೆಯುವ ಬಟ್ಟೆಗೆ ಆ ವಾಸನೆ ಹಿಡಿದುಕೊಂಡುಬಿಡುತ್ತದೆ, ಮಕ್ಕಳಿರುವ ಮನೆಗೆ ಅದು ಒಳ್ಳೆಯದೂ ಅಲ್ಲ.

ತೊಳೆಯುವುದು ಜನವರಿ, ಫೆಬ್ರವರಿಯಲ್ಲಿ. ಕಾಫಿ ಒಣಗುವ ಕಾಲವೇ ಕೌದಿ ಒಣಗುವುದಕ್ಕೂ ಸರಿಯಾದ ಕಾಲ. ಮೊದಲು ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಒಂದೊಂದು ಬಣ್ಣದ ಮೇಲೂ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ತುಂಡು ಬಣ್ಣ ಬಿಡುತ್ತದೆ ಎಂದರ್ಥ, ನೆನೆಸಿ ಇಡಬಾರದು. ಬಿಡದಿದ್ದರೆ ತಣ್ಣೀರು, ಸ್ವಲ್ಪ ಸೋಪಿನ ನೀರು, ಕೈಯಲ್ಲಿ ಅದುಮಿ. ಹಿಂಡಬೇಡಿ, ಕಲ್ಲಿಗೆ ಬಡಿಯಬೇಡಿ. ಮೆಷಿನ್ ಬೇಡವೇ ಬೇಡ. ನೀರು ಕುಡಿದ ಕೌದಿಯ ಭಾರಕ್ಕೇ ಹೊಲಿಗೆ ಕಿತ್ತು ಬರುತ್ತದೆ. ಹಗ್ಗಕ್ಕೂ ಹಾಕಬಾರದು, ಅದೇ ಕಾರಣಕ್ಕೆ. ಕಣದಲ್ಲಿ ಒಂದು ಶುಭ್ರವಾದ ಚಾಪೆ ಹಾಸಿ ಅದರ ಮೇಲೆ ಹರವಿ. ಅಡಿ ಮೇಲಾಗಿ ತಿರುಗಿಸಿ ಒಣಗಿಸಿದರೆ ಚೆಂದದ ಕಡೆ ಬಣ್ಣ ಮಾಸುವುದಿಲ್ಲ.

ಕಾಫಿ ಹೂ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ವಂದನೆ ಸರ್. ಗೋಡೆ ಬೆವರುವ ವಿಷಯ ಸರಿ. ಟೀಚರ್ ಹೊದೆಯಲಿ ಬಿಡಿ. ಆದರೂ ಹಸಿರು ಸೀರೆಯ ಒಂದು ಸಣ್ಣ ತುಂಡನ್ನಾದರೂ ಬೇರೆ ಇಟ್ಟುಕೊಳ್ಳಿ ಅಂತ ನನ್ನ ಆಸೆ.

ಮಕ್ಕಂದೂರಿನವನು

ನಾನು ಬರೆಯುವುದು ಅಪರೂಪ. ಇದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದ್ದು ನಿಮಗೆಲ್ಲ ಗೊತ್ತಿದೆ. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ. ಹೆಸರು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಿದವರು. ಮಡಿಕೇರಿಯ ನಿರಾಶ್ರಿತರ ಶಿಬಿರದಲ್ಲಿ ಇದ್ದೆವು. ಇಡೀ ಕರ್ನಾಟಕದಿಂದ ಸಾಮಾನು ಬರುತ್ತಿತ್ತು. ಉತ್ತರ ಕರ್ನಾಟಕದಿಂದ ಜೋಳದ ರೊಟ್ಟಿ ಕಟ್ಟುಗಳು ಬಂದವು, ಚಟ್ನಿಪುಡಿ ಬಂತು. ಅಕ್ಕಿ ಉಣ್ಣುವ ನಾವು ಆ ರೊಟ್ಟಿ ತಿಂದು ದಿನ ಕಳೆದೆವು. ಹೊಸ ಬೆಡ್‌ಶೀಟುಗಳು, ರಗ್ಗುಗಳು ಪ್ಯಾಕೆಟ್ ಸಮೇತ ಬಂದವು. ಕೊಟ್ಟವರೆಲ್ಲರಿಗೂ ನಾವು ಋಣಿ.

ಒಂದು ಚೀಲದಲ್ಲಿ ಮಾತ್ರ ಕೌದಿಗಳಿದ್ದವು. ಹೊಸದಲ್ಲ. ಒಗೆದು, ಒಣಗಿಸಿ, ನೀಟಾಗಿ ಮಡಚಿ ದಾರ ಕಟ್ಟಿದ್ದರು. ನನ್ನ ತಾಯಿಗೆ ಒಂದು ಸಿಕ್ಕಿತು. ಅದರಲ್ಲಿ ಒಂದು ಇಲಕಲ್ ಸೀರೆಯ ಕೆಂಪು ಸೆರಗು ಇತ್ತು, ಯಾರದ್ದೋ ಅಂಗಿಯ ಜೇಬು ಇತ್ತು, ಪುಟ್ಟ ಹುಡುಗಿಯ ಫ್ರಾಕಿನ ತುಂಡು ಇತ್ತು. ಅಂದರೆ ಒಬ್ಬರು ತಮ್ಮ ಮನೆಯವರು ಹೊದೆಯುತ್ತಿದ್ದದ್ದನ್ನೇ ತೆಗೆದು ಕಳಿಸಿದ್ದರು. ತಾಯಿ ಶಿಬಿರದಲ್ಲಿ ನಿದ್ದೆ ಮಾಡುತ್ತಿರಲಿಲ್ಲ. ಮಳೆ ಜೋರಾದ ಕೂಡಲೇ ಎದ್ದು ಕೂರುತ್ತಿದ್ದರು. ಆ ಕೌದಿಯ ಭಾರ ಮೈಮೇಲೆ ಬಿದ್ದ ಮೇಲೆ ಸ್ವಲ್ಪ ಕಣ್ಣು ಮುಚ್ಚುತ್ತಿದ್ದರು. ಜೇಬಿನೊಳಗೆ ಕೈ ಇಟ್ಟುಕೊಂಡು ಮಲಗುತ್ತಿದ್ದರು.

ತಾಯಿ ಈಗಿಲ್ಲ. ಕೌದಿ ಇದೆ, ನಾನು ಹೊದೆಯುತ್ತೇನೆ. ಅದನ್ನು ಹೊಲಿದ ಕೈ ಯಾವ ಊರಿನದು, ಇವತ್ತಿಗೂ ಗೊತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ನಾವು ಇಲ್ಲಿಂದ ಕಂಬಳಿ, ಅಕ್ಕಿ ಕಳಿಸಿದೆವು. ಅವರ ಮನೆಗೂ ಏನಾದರೂ ತಲುಪಿರಲಿ ಎಂದು ದೇವರಲ್ಲಿ ಕೇಳಿಕೊಂಡೆ.

ಟೀಚರ್, ನಿಮಗೆ ಹೊಲಿದವರ ಊರು ಗೊತ್ತು, ಮನೆ ಗೊತ್ತು. ದಸರಾ ರಜೆಗೆ ಹೋಗಿ ಬನ್ನಿ. ಫೋನ್ ಸಾಲದು.

ಗದಗಿನ ಮಗಳು

ಅಣ್ಣ, ನಮ್ಮ ಓಣಿಯಿಂದಲೂ ಆ ವರ್ಷ ರೊಟ್ಟಿ ಬಡಿದು ಕಳಿಸಿದ್ದರು. ಊರೆಲ್ಲ ಸೇರಿ ಮಾಡಿದ್ದು. ಕೌದಿ ಯಾರು ಹಾಕಿದ್ದರೋ ನನಗೂ ತಿಳಿಯದು. ಆ ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಬಾಚಣಿಗೆ ಹಲ್ಲಿನಂಥ ಗುರುತು ಇದೆಯಾ ನೋಡಿ. ಅದು ಇಲಕಲ್ ಸೆರಗಿನದ್ದೇ. ಸೆರಗಿನ ಉದ್ದ ಎಳೆಗಳನ್ನು ಬೇರೆ ಮಾಡಿಕೊಂಡು, ಸೀರೆಯ ಎಳೆಗಳಿಗೆ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಸೀರೆ ಹರಿದರೂ ಸೆರಗು ಗಟ್ಟಿ ಇರುತ್ತದೆ. ಅದಕ್ಕೇ ಕೌದಿಯ ನಟ್ಟನಡುವೆ ಅದನ್ನು ಹಾಕುತ್ತಾರೆ.

ಮಕ್ಕಂದೂರಿನವನು

ಇದೆ. ಈಗಲೇ ತೆಗೆದು ನೋಡಿದೆ. ಬಾಚಣಿಗೆ ಹಲ್ಲಿನಂತೆಯೇ ಇದೆ.

ಕಾಡಿನ ದಾರಿ

ನಮ್ಮವರು ಅರಣ್ಯ ಇಲಾಖೆಯಲ್ಲಿದ್ದರು. ಮಡಿಕೇರಿಗೆ ಬರುವ ಮುಂಚೆ ಉತ್ತರ ಕನ್ನಡದ ಯಲ್ಲಾಪುರದ ಕಡೆ ಇದ್ದೆವು. ನನ್ನ ಮಗಳು ಹುಟ್ಟಿದ್ದು ಅಲ್ಲೇ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಅಜ್ಜಿ ಮಗುವಿಗೆ ಒಂದು ಪುಟ್ಟ ಕವಂದಿ (ಸಿದ್ದಿಯರು ಹೊಲಿಯುವ ಕೌದಿ) ಹೊಲಿದು ತಂದರು. ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಬಹಳ ಮಂದಿ ಗೋವಾದ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ.

ಅವರು ಹೊಲಿಯುವ ರೀತಿಯೇ ಬೇರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡುಗಳನ್ನು ಮೊದಲೇ ಜೋಡಿಸಿ ಇಟ್ಟುಕೊಳ್ಳುವುದಿಲ್ಲ. ಕೈಗೆ ಬಂದ ಬಣ್ಣ, ಕಣ್ಣಿಗೆ ಹಿಡಿಸಿದರೆ ಅಲ್ಲೇ ಕೂರುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮುಕ್ಕೋನದ ಹೂವು ಮಾಡಿ ಹಚ್ಚುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ಹೂವಿಲ್ಲದೆ ಕವಂದಿಯನ್ನು ಕೊಡುವುದಿಲ್ಲ. ನನ್ನ ಮಗಳ ಕವಂದಿಗೆ ಮೂರು ಮೂಲೆಗೆ ಕೆಂಪು, ಒಂದಕ್ಕೆ ಹಸಿರು. ಕೆಂಪು ಬಟ್ಟೆ ಮುಗಿದಿತ್ತಂತೆ. ನನಗೆ ಆ ಹಸಿರು ಮೂಲೆಯೇ ಎಲ್ಲಕ್ಕಿಂತ ಪ್ರೀತಿ.

ಆ ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರವನ್ನು ಮೊಮ್ಮಗ ಏರಿಸಿ ಕೊಡುತ್ತಿದ್ದನಂತೆ. ದಾರ ಮುಗಿದಾಗಲೆಲ್ಲ ಅವನು ಶಾಲೆಯಿಂದ ಬರುವವರೆಗೆ ಕಾಯಬೇಕಿತ್ತು. ಇದೆಲ್ಲ ತಿಳಿದ ಮೇಲೆ ಅದನ್ನು ಹೇಗೆ ತೆಗೆದುಕೊಳ್ಳುವುದು? ದುಡ್ಡು ಕೊಡಲು ಹೋದೆ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. "ಮಗು ಮಲಗಿದ್ದು ನೋಡಿಸು, ಸಾಕು" ಎಂದರು. ಮಲಗಿಸಿ ತೋರಿಸಿದೆ. ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿದರು. ಮಗಳು ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ಕವಂದಿ ಅವಳ ಮೊಣಕಾಲು ಮುಚ್ಚುವಷ್ಟೇ ಇದೆ. ಅದನ್ನೇ ಹಾಸ್ಟೆಲಿಗೆ ಒಯ್ದಿದ್ದಾಳೆ.

ದೂರ ಇರುವ ಪೊನ್ನಂಪೇಟೆಯವಳು

ನಾನು ಕೆನಡಾದಲ್ಲಿದ್ದೇನೆ. ಮಗ ಹುಟ್ಟಿದಾಗ ಪಕ್ಕದ ಮನೆಯ ವಯಸ್ಸಾದವರು ಕ್ವಿಲ್ಟ್ ಮಾಡಿ ಕೊಟ್ಟರು. ಇಲ್ಲಿಯದು ಮೂರು ಪದರ. ಮೇಲೆ ತುಂಡುಗಳ ಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಗೆ ಒಂದೇ ಬಟ್ಟೆ. ಹಿಂದುಗಡೆ ಮೂಲೆಯಲ್ಲಿ ಒಂದು ಚೀಟಿ ಬಟ್ಟೆ ಹೊಲಿದಿದ್ದರು. ಯಾರಿಗೆ, ಯಾರಿಂದ, ಯಾವ ವರ್ಷ, ಯಾವ ಊರು ಎಂದು ಅದರಲ್ಲಿ ದಾರದಲ್ಲೇ ಬರೆದಿತ್ತು. ಇಲ್ಲಿ ಕ್ವಿಲ್ಟ್ ಮಾಡುವವರಲ್ಲಿ ಇದು ರೂಢಿ.

ಮೊದಲ ಚಳಿಗಾಲ, ಮನೆಯಿಂದ ಯಾರೂ ಬಂದಿರಲಿಲ್ಲ. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಆ ಚೀಟಿಯಲ್ಲಿ ನನ್ನ ಮಗನ ಹೆಸರು ಓದಿದಾಗ ಈ ಊರಿನಲ್ಲಿ ನಮಗೂ ಒಬ್ಬರಿದ್ದಾರೆ ಎನಿಸಿತು. ಟೀಚರ್, ನೀವೂ ಒಂದು ಚೀಟಿ ಹೊಲಿಸಿ. ಗದಗಿನ ತಾಯಿಯ ಹೆಸರು, ನಿಮ್ಮ ಅಮ್ಮನ ಹೆಸರು ಎರಡೂ ಒಟ್ಟಿಗೆ ಇರಲಿ. ನಲವತ್ತು ವರ್ಷ ಆದ ಮೇಲೆ ಯಾರ ಕೈಗೆ ಸೇರಿದರೂ ಗೊತ್ತಾಗುತ್ತದೆ.

ಬೊಳ್ಳುಮಾಡು

ಒಳ್ಳೆಯ ಮಾತು. ಪೆನ್ನಿನಲ್ಲಿ ಬರೆಯಬೇಡಿ, ಶಾಯಿ ಹರಡುತ್ತದೆ. ದಾರದಲ್ಲೇ ಹೊಲಿಯಿರಿ.

ಸಿದ್ದಾಪುರದ ಹುಡುಗ

ಎಲ್ಲರೂ ಚೆಂದ ಬರೆದಿದ್ದೀರಿ. ನನ್ನದೂ ಒಂದು ಮಾತು ಇದೆ.

ನಾವು ಮೂಲತಃ ಹಾವೇರಿ ಕಡೆಯವರು. ಅಪ್ಪ, ಅವ್ವ ತೋಟದ ಕೆಲಸಕ್ಕೆ ಬಂದವರು. ನಾನು ಬೆಳೆದದ್ದು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಯಲ್ಲಿ. ಅವ್ವ ಹಗಲೆಲ್ಲ ಕಾಫಿ ಕೊಯ್ದು ಬಂದು ರಾತ್ರಿ ಕೌದಿ ಹೊಲಿಯುತ್ತಿದ್ದಳು. ಕೊಯ್ಲಿನಲ್ಲಿ ಬೆರಳಿಗೆ ಕಾಫಿಯ ಕರೆ ಹಿಡಿದಿರುತ್ತದೆ. ಬಿಳಿ ಬಟ್ಟೆಗೆ ಕರೆ ಆಗಬಾರದೆಂದು ಬೂದಿ, ಹುಣಸೆಹಣ್ಣು ಹಾಕಿ ಕೈ ತಿಕ್ಕಿ ತೊಳೆದು ಆಮೇಲೆ ಸೂಜಿ ಹಿಡಿಯುತ್ತಿದ್ದಳು. ನಮ್ಮ ಲೈನಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅವ್ವನ ಕೈಯ ಕೌದಿ ಇದೆ. ಯಾವ ಊರಿನವರು, ಯಾವ ಭಾಷೆಯವರು ಎಂದು ನೋಡಲಿಲ್ಲ. ಅಸ್ಸಾಮಿನಿಂದ ಬಂದ ಒಂದು ಹುಡುಗಿಗೆ ಹೆರಿಗೆ ಆದಾಗ ಅವಳ ಕಡೆಯವರು ಒಬ್ಬರೂ ಇರಲಿಲ್ಲ. ಅವ್ವ ತನ್ನ ಸೀರೆಯನ್ನೇ ಕತ್ತರಿಸಿ ಹೊಲಿದು ಕೊಟ್ಟಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಆ ಹುಡುಗಿ ಅವ್ವನ ಕಾಲು ಮುಟ್ಟಿದಳು. ನಾನು ಆಗ ಚಿಕ್ಕವನು, ಇದು ಮಾತ್ರ ಚೆನ್ನಾಗಿ ನೆನಪಿದೆ.

ಈಗ ಹೇಳಬೇಕಾದ ಮಾತು. ಒಂದು ಹೋಂಸ್ಟೇಯವರು ಕೌದಿ ಬೇಕು ಎಂದು ಬಂದಿದ್ದರು. ರೂಮಿಗೊಂದರಂತೆ ಬೇಕಂತೆ. ಬೆಲೆ ಕೇಳಿದರೆ ಅಂಗಡಿಯ ಬೆಡ್‌ಶೀಟಿನಷ್ಟೂ ಇಲ್ಲ. "ಹಳೇ ಬಟ್ಟೆ ತಾನೇ" ಎಂದರು. ಅವ್ವ ಏನೂ ಹೇಳದೆ ಒಳಗೆ ಹೋದಳು. ಹಳೇ ಬಟ್ಟೆ ನಿಜ. ಆದರೆ ಕಣ್ಣು, ಬೆನ್ನು, ಬೆರಳು, ದಿನವೆಲ್ಲ ದುಡಿದು ಉಳಿದ ರಾತ್ರಿ ಇವು ಹಳೇ ಬಟ್ಟೆಯಲ್ಲ. ಉಡುಗೊರೆಯಾಗಿ ಕೊಟ್ಟರೆ ಅವ್ವನಿಗೆ ದುಡ್ಡು ಬೇಡ. ಮಾರಾಟಕ್ಕೆ ಕೇಳಿದರೆ ತೋಟದ ಕೂಲಿಯ ಲೆಕ್ಕದಲ್ಲಿ ಎಷ್ಟು ದಿನ ಆಗುತ್ತದೋ ಅಷ್ಟು ಕೊಡಿ. ಇಲ್ಲಿ ಓದಿ ಕೌದಿ ಹೊಲಿಸೋಣ ಎಂದುಕೊಂಡವರು ದಯವಿಟ್ಟು ಇದನ್ನು ನೆನಪಿಡಿ.

ಕಾಡಿನ ದಾರಿ

ತಮ್ಮಾ, ನೂರಕ್ಕೆ ನೂರು ಸರಿ. ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು.

ಸುಂಟಿಕೊಪ್ಪ ಟೀಚರ್

ಎಲ್ಲರ ಮಾತನ್ನೂ ಓದಿದೆ. ಸಿದ್ದಾಪುರದ ತಮ್ಮ ಬರೆದದ್ದನ್ನು ಗದಗಿನ ಟೀಚರಿಗೂ ಓದಿ ಹೇಳಿದೆ. ಅವರಿಗೂ ಕಣ್ಣು ತುಂಬಿತು.

ನಿನ್ನೆ ರಾತ್ರಿ ಆ ತಾಯಿಗೆ ಫೋನ್ ಮಾಡಿದೆ. ಹೇಳಿದ ಹಾಗೇ ಒಂದೊಂದು ಸೀರೆಯ ಕತೆ ಹೇಳಿದೆ. ಹಬ್ಬದ ಬೆಳಿಗ್ಗೆ ಅಮ್ಮ ಹಳದಿ ಸೀರೆ ಉಟ್ಟು ಕಡುಬು ಬೇಯಿಸುತ್ತಿದ್ದದ್ದು. ಆಸ್ಪತ್ರೆಯಲ್ಲಿ ನೀಲಿ ಸೀರೆಯೇ ಬೇಕು ಎಂದು ಹಠ ಮಾಡಿದ್ದು. ಅವರು ನಡುವೆ ಮಾತಾಡಲೇ ಇಲ್ಲ, ಕೇಳುತ್ತಾ ಇದ್ದರು. ಹಸಿರು ಸೀರೆಗೆ ಬಂದಾಗ ಕೇಳಿದರು, "ಮೊಣಕಾಲಿನ ಹತ್ತಿರ ಎರಡು ಕಡೆ ತೇಪೆ ಇತ್ತು, ಮಂಡಿಯೂರಿ ಕೂರುತ್ತಿದ್ದರೇನು?" ಹೌದು, ಅಮ್ಮ ಏಲಕ್ಕಿ ಗಿಡದ ಬುಡದಲ್ಲಿ ಮಂಡಿಯೂರಿ ಕೂತೇ ಕಳೆ ಕೀಳುತ್ತಿದ್ದರು. ಆ ತೇಪೆ ತೆಗೆಯದೆ ಹಾಗೇ ಬಿಟ್ಟಿದ್ದಾರಂತೆ. "ಅದು ಅವರ ಕೈಯ ಹೊಲಿಗೆ, ನಾನು ಯಾಕೆ ಬಿಚ್ಚಲಿ?" ಎಂದರು. ಫೋನ್ ಇಟ್ಟ ಮೇಲೆ ಹುಡುಕಿದೆ. ಎರಡೂ ತೇಪೆ ಇವೆ. ಅಮ್ಮ ಹಾಕಿದ ದಾರ ಬಿಳಿ, ಅವರು ಹಾಕಿದ್ದು ಕೆಂಪು.

ಕಾಫಿ ಹೂ ಮೇಡಂ, ತುಂಡು ಬೇರೆ ಇಡುವುದಿಲ್ಲ. ಎಲ್ಲ ಒಟ್ಟಿಗೇ ಇರಲಿ ಅನಿಸಿತು. ಚೀಟಿ ಮಾತ್ರ ಖಂಡಿತ ಹೊಲಿಸುತ್ತೇನೆ. ಏಲಕ್ಕಿ, ಕರಿಮೆಣಸು, ಕುಪ್ಪಸದ ಬಟ್ಟೆ ಕಟ್ಟಿಟ್ಟಿದ್ದೇನೆ. ದಸರಾ ರಜೆಯಲ್ಲಿ ಟೀಚರ್ ಜೊತೆ ನಾನೇ ಹೋಗುತ್ತೇನೆ.

ಶನಿವಾರಸಂತೆ ಸೊಸೆ

ಎಲ್ಲರಿಗೂ ನಮಸ್ಕಾರ. ಇದನ್ನು ನಮ್ಮ ಅತ್ತೆಗೆ ಜೋರಾಗಿ ಓದಿ ಹೇಳಿದೆ. ಅತ್ತೆಯ ತವರು ಧಾರವಾಡದ ಕಡೆ. ಈ ಮನೆಗೆ ಬಂದ ಮೇಲೆ ಮಕ್ಕಳಿಗೆ, ಮೊಮ್ಮಕ್ಕಳಿಗೆ, ನಾದಿನಿಯರ ಮಕ್ಕಳಿಗೆ ಎಲ್ಲರಿಗೂ ಹೊಲಿದುಕೊಟ್ಟಿದ್ದಾರೆ. ಈಗ ಕೈ ನಡುಗುತ್ತದೆ, ಸೂಜಿ ಹಿಡಿಯಲು ಆಗುವುದಿಲ್ಲ. "ನಿಮಗೆ ಯಾರು ಹೊಲಿದುಕೊಟ್ಟರು ಅತ್ತೆ?" ಎಂದು ಕೇಳಿದೆ. ಸ್ವಲ್ಪ ಯೋಚನೆ ಮಾಡಿ, "ನಮ್ಮವ್ವ ಹೊಲಿದಿದ್ದಳು, ಅದು ಎಂದೋ ಹರಿಯಿತು" ಎಂದರು. ಆಮೇಲೆ ಅವರಿಗೆ ಯಾರೂ ಹೊಲಿದಿಲ್ಲ. ಅಂಗಡಿಯ ರಗ್ಗು ಹೊದ್ದೇ ಮಲಗುತ್ತಿದ್ದಾರೆ.

ನಾನು ಹೊಲಿಯಬೇಕು ಅಂತ ಇದ್ದೇನೆ. ಗುಂಡಿ ಹಾಕುವುದು, ಹೆಮ್ಮಿಂಗ್ ಮಾಡುವುದು ಬಿಟ್ಟು ಬೇರೆ ಬರುವುದಿಲ್ಲ. ಅತ್ತೆಯ ಹತ್ತಿರ ಒಂಬತ್ತು ಗಜದ ಎರಡು ಹಳೆಯ ಸೀರೆ ಇವೆ, ಮಾವನವರ ಪಂಚೆಗಳೂ ಇವೆ. ಎಲ್ಲಿಂದ ಶುರು ಮಾಡಲಿ? ಪದರ ಜಾರದ ಹಾಗೆ ಹಿಡಿಯುವುದು ಹೇಗೆ?

ಗದಗಿನ ಮಗಳು

ತಂಗೀ, ಬಂಗಾರದಂಥ ಕೆಲಸಕ್ಕೆ ಕೈ ಹಾಕಿದ್ದೀಯ. ಹೇಳುತ್ತೇನೆ ಕೇಳು.

ಮೊದಲು ಎಲ್ಲ ಬಟ್ಟೆಯನ್ನೂ ಒಗೆದು ಚೆನ್ನಾಗಿ ಒಣಗಿಸು. ನಿಮ್ಮ ಕಡೆಯ ಮಳೆಯಲ್ಲಿ ಅದಕ್ಕೇ ಒಂದು ವಾರ ಬೇಕಾಗಬಹುದು, ಅವಸರ ಮಾಡಬೇಡ. ಪಸೆ ಇರುವಾಗ ಹೊಲಿದರೆ ಒಳಗೇ ಬೂಷ್ಟು ಕಟ್ಟುತ್ತದೆ. ನೈಲಾನ್, ಪಾಲಿಯೆಸ್ಟರ್ ಸೇರಿಸಬೇಡ. ಸೂಜಿ ಜಾರುತ್ತದೆ, ಮೈಗೂ ಹಿತ ಇರುವುದಿಲ್ಲ.

ಒಂಬತ್ತು ಗಜ ಎಂದರೆ 27 ಅಡಿ. ನಾಲ್ಕು ಸಮ ತುಂಡು ಮಾಡಿದರೆ ಒಂದೊಂದೂ ಸುಮಾರು ಆರು ಮುಕ್ಕಾಲು ಅಡಿ ಬರುತ್ತದೆ. ಎರಡೆರಡನ್ನು ಪಕ್ಕ ಪಕ್ಕ ಜೋಡಿಸಿದರೆ ಒಂದು ಸೀರೆಯಲ್ಲಿ ಎರಡು ದೊಡ್ಡ ಪದರ ಆಯಿತು. ಒಂದು ಸೀರೆ ಅಡಿಗೂ ಮೇಲಿಗೂ ಸಾಕು. ನಡುವೆ ಮಾವನವರ ಪಂಚೆ ಹಾಕು. ಇನ್ನೊಂದು ಸೀರೆಯಲ್ಲಿ ಮೇಲಿನ ತುಂಡುಗಳನ್ನು ಕತ್ತರಿಸಿಕೋ, ಸೆರಗನ್ನು ನಡುವಿಗೆ ಇಡು. ನಡುಗುವ ಕೈಗೆ ಭಾರ ಎತ್ತಲು ಕಷ್ಟ. ನಾಲ್ಕು ಪದರಕ್ಕಿಂತ ಜಾಸ್ತಿ ಬೇಡ.

ಪದರ ಜಾರದಿರಲು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಭಾರ ಇಡು. ನಡುವಿನಿಂದ ಹೊರಗೆ ಕೈಯಲ್ಲಿ ಸವರುತ್ತಾ ಸುಕ್ಕು ತೆಗಿ. ಆಮೇಲೆ ಉದ್ದ ಉದ್ದ ಕಚ್ಚಾ ಹೊಲಿಗೆ ಹಾಕು, ಮೊಳಕ್ಕೊಂದು ಸಾಲು. ಅದು ಹಿಡಿದುಕೊಂಡಿರುತ್ತದೆ, ಕೊನೆಗೆ ಬಿಚ್ಚಿದರಾಯಿತು. ದಾರ ದಪ್ಪ ಹತ್ತಿಯದ್ದು ಇರಲಿ. ಬೆರಳಿಗೆ ಅಂಗುಸ್ತಾನ ಹಾಕಿಕೋ, ಇಲ್ಲದಿದ್ದರೆ ಎರಡನೇ ದಿನವೇ ಕೈ ಬಿಡುತ್ತೀಯ. ಮೊದಲ ಸಾಲುಗಳು ಸೊಟ್ಟ ಬರುತ್ತವೆ. ಬಿಚ್ಚಬೇಡ, ಹಾಗೇ ಮುಂದೆ ಹೋಗು.

ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೋ. ಯಾವ ಬಣ್ಣದ ಪಕ್ಕ ಯಾವುದು ಎಂದು ಅವರು ಹೇಳಲಿ, ನೀನು ಹೊಲಿ. ಎಲ್ಲಾದರೂ ತೊಡಕಾದರೆ ಫೋಟೊ ತೆಗೆದು ಹಾಕು, ನಾನು ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡುತ್ತೇನೆ.

ಶನಿವಾರಸಂತೆ ಸೊಸೆ

ಆಯಿತು ಅಕ್ಕ. ಅತ್ತೆ ಈಗಲೇ ಪಂಚೆಗಳನ್ನು ತೆಗೆದು ಯಾವುದು ಮೆತ್ತಗಿದೆ ಎಂದು ನೋಡುತ್ತಿದ್ದಾರೆ. ಯಾರಿಗೆ ಎಂದು ನಾನು ಇನ್ನೂ ಹೇಳಿಲ್ಲ. ಅಂಗುಸ್ತಾನ ನಮ್ಮ ಸಂತೆಯಲ್ಲಿ ಸಿಗುತ್ತದಾ, ಸೋಮವಾರಪೇಟೆಗೆ ಹೋಗಬೇಕಾ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.